ಆನೆತೊರಡಿಗೆ ಕಾಯಿ ಕೊಟ್ಟವರು

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯ 35ನೇ ಸಂಪುಟದಲ್ಲಿ, 467ನೇ ಪುಟದಿಂದ, ಐದೇ ಪುಟದ ಒಂದು ಬರಹವಿದೆ. ಕಾಲ 1931. ಆನೆತೊರಡು ಮರದ ಹೂವಿಗೆ ಪರಾಗಸ್ಪರ್ಶ ಮಾಡುವುದು ಬಾವಲಿ ಎಂಬುದು ಅದರ ವಿಷಯ. ಬರೆದವರು ಚಾರ್ಲ್ಸ್ ಮೆಕ್ಯಾನ್. ಹುಟ್ಟಿದ್ದು 1899ರಲ್ಲಿ, ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ. ಕೆಲಸ ಸಿಕ್ಕಿದ್ದು ಮುಂಬಯಿಯಲ್ಲಿ. ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಿಗೆ ಆ ದಾರಿ ಹೊಸದಲ್ಲ. ಆದರೆ ನಮ್ಮ ಸಂಘಗಳ ಯಾವ ಸಮಾರಂಭದಲ್ಲೂ ಈ ಹೆಸರು ನನ್ನ ಕಿವಿಗೆ ಬಿದ್ದಿಲ್ಲ. ಅದು ನನಗೆ ಬೇಸರದ ಸಂಗತಿ.

ಆನೆತೊರಡು ಆಫ್ರಿಕದ ಮರ. ತೋಟದ, ರಸ್ತೆಬದಿಯ ಅಂದಕ್ಕೆಂದು ಇಲ್ಲಿ ನೆಟ್ಟದ್ದು. ಕೊಂಬೆಯಿಂದ ಹಗ್ಗದಂತೆ ಉದ್ದನೆಯ ತೊಟ್ಟು ಇಳಿಬೀಳುತ್ತದೆ, ಅದರಲ್ಲಿ ಕಪ್ಪುಗೆಂಪಿನ ದಪ್ಪ ಹೂಗಳು. ಕತ್ತಲಾದ ಮೇಲೆ ಅರಳಿ, ಬೆಳಗಾಗುವಷ್ಟರಲ್ಲಿ ಕಳಚಿ ಬೀಳುತ್ತವೆ. ವಾಸನೆ ಮನುಷ್ಯರ ಮೂಗಿಗೆ ಹಿತವಲ್ಲ. ಜೇನು ಗೂಡು ಸೇರಿದ ಹೊತ್ತಿನಲ್ಲಿ ಅರಳುವ ಈ ಹೂ ಯಾರನ್ನು ಕರೆಯುತ್ತಿದೆ? ಎಲೆಗಳ ಗೊಡವೆಯಿಲ್ಲದ ಬಯಲಲ್ಲಿ ತೂಗುವುದರಿಂದ ರೆಕ್ಕೆಯಗಲಿಸಿ ಬರುವ ಬಾವಲಿಗೆ ಅಡ್ಡಿಯಿಲ್ಲ. ದಳ ಎಷ್ಟು ದಪ್ಪವೆಂದರೆ ಅದು ಬಂದು ಎರಗಿದರೂ ಹರಿಯುವುದಿಲ್ಲ. ಮುಖ ತೂರಿಸಿದರೆ ಮಕರಂದ ಬಾಯಿಗೆ, ಪರಾಗ ಮೈಗೆ. ಇನ್ನೊಂದು ಮರದ ಹೂವಿಗೆ ಮುಖ ಒಡ್ಡಿದಾಗ ಆ ಪರಾಗ ಶಲಾಕಾಗ್ರಕ್ಕೆ ಅಂಟುತ್ತದೆ. ಕೆಲವು ಕಿಲೋ ತೂಗುವ ಮೊಳದುದ್ದದ ಕಾಯಿ ಆಮೇಲಿನ ಮಾತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಆಫ್ರಿಕದಲ್ಲಿ ಈ ಮರಕ್ಕೆ ನಡೆದುಕೊಳ್ಳುವ ಬಾವಲಿಗಳೇ ಬೇರೆ ಜಾತಿಯವು. ಮರದ ಬೆನ್ನಿಗೆ ಅವು ಸಮುದ್ರ ದಾಟಿ ಬರಲಿಲ್ಲ. ಇಲ್ಲಿನ ಹಣ್ಣುಬಾವಲಿಗಳು ಆ ಕೆಲಸ ವಹಿಸಿಕೊಂಡವು. ವೆನಿಲ್ಲಾಕ್ಕೆ ಇಂಥ ಅದೃಷ್ಟ ಒದಗಲಿಲ್ಲ. ತವರಾದ ಮೆಕ್ಸಿಕೊ ಬಿಟ್ಟು ಬಂದ ಬಳ್ಳಿಗೆ ಮನುಷ್ಯನೇ ಪರಾಗ ಮುಟ್ಟಿಸಬೇಕಾಯಿತು. 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಕಂಡುಹಿಡಿದ ಕಡ್ಡಿಯ ಉಪಾಯವನ್ನೇ, ವೆನಿಲ್ಲಾ ಬೆಲೆ ಏರಿದ ಕಾಲದಲ್ಲಿ ಮಲೆನಾಡಿನವರು ಬೆಳಗ್ಗೆದ್ದು ಹೂವಿಂದ ಹೂವಿಗೆ ಮಾಡುತ್ತಿದ್ದರು.

ಅದೇ 35ನೇ ಸಂಪುಟದಲ್ಲಿ ಸಲೀಂ ಅಲಿಯವರ ಎರಡು ಬರಹಗಳೂ ಇವೆ. ಮೊದಲನೆಯದು ಕೊಂಕಣದ ಬಂದಳಿಕೆಯದು. ಮಾವಿನಂಥ ಮರಗಳ ಕೊಂಬೆಗೆ ಬೇರಿಳಿಸಿ ಬದುಕುವ ಈ ಗಿಡದ ಕೊಳವೆ ಹೂವಿಗೆ ಸೂರಕ್ಕಿ ಕೊಕ್ಕಿಟ್ಟು ಪರಾಗ ಸಾಗಿಸುತ್ತದೆ. ಹಣ್ಣು ತಿಂದ ಬದನಿಕೆ ಹಕ್ಕಿ ಅಂಟುಬೀಜವನ್ನು ಮತ್ತೊಂದು ಕೊಂಬೆಗೆ ದಾಟಿಸುತ್ತದೆ. ಇನ್ನೊಂದು 1932ರದು. ಭಾರತದಲ್ಲಿ ಹಕ್ಕಿಗಳನ್ನು ಕರೆಯುವ ಹೂಗಳು ಯಾವುವು, ಬರುವ ಹಕ್ಕಿಗಳು ಯಾವುವು ಎಂದು ಮೂವತ್ತಕ್ಕೂ ಹೆಚ್ಚು ಪುಟಗಳಲ್ಲಿ ಬರೆದದ್ದು. ಜರ್ಮನಿಯ ಸ್ಪ್ರೆಂಗೆಲ್ 1793ರಲ್ಲಿ ಹೂ ಮತ್ತು ಕೀಟದ ನಂಟನ್ನು ಪುಸ್ತಕವಾಗಿಸಿದಾಗ ಅವರ ಕಣ್ಣೆದುರು ಇದ್ದದ್ದು ಯುರೋಪಿನ ಹೊಲ, ತೋಟ. ಅಲ್ಲಿ ಜೇನು, ನೊಣ, ಚಿಟ್ಟೆ, ಗಾಳಿಯದೇ ಕಾರಬಾರು. ನಮ್ಮ ಬೂರುಗ, ಮುತ್ತುಗದ ಕೆಂಪು ಹೂಗಳಿಗೆ ಮುತ್ತುವ ಮೈನಾ, ಪಿಕಳಾರ, ಕಾಜಾಣಗಳ ಕಥೆಯನ್ನು ಇಲ್ಲಿ ನಿಂತು ನೋಡಿದವರೇ ಬರೆಯಬೇಕಿತ್ತು.

ಠಾಣೆಯ ಯೇವೂರಿನ ಕಾಡಿಗೆ ಫೆಬ್ರುವರಿಯಲ್ಲಿ ಹೋದರೆ ಸಲೀಂ ಅಲಿಯವರ ಆ ಪುಟಗಳು ಇಂದಿಗೂ ಎದುರೇ ನಡೆಯುತ್ತವೆ. ನಮ್ಮ ಗುರಿಗೆಯ ಬಳಗದ ಕಾರ್ವಿ ಗಿಡವೂ ಆ ಗುಡ್ಡಸಾಲಿನಲ್ಲಿದೆ. ಎಂಟು ವರ್ಷಕ್ಕೊಮ್ಮೆ, 2008, 2016, 2024ರಲ್ಲಿ, ಹೂಬಿಟ್ಟು, ಜೇನಿಗೆ ಹಬ್ಬವಿಟ್ಟು ಸತ್ತಿತು.

ಮೆಕ್ಯಾನ್ ಪಾದ್ರಿ ಬ್ಲಾಟರ್ ಅವರ ಜೊತೆಗೂಡಿ ಬರೆದು 1935ರಲ್ಲಿ ಅಚ್ಚಾದ ಪುಸ್ತಕ ಮುಂಬಯಿ ಪ್ರಾಂತದ ಹುಲ್ಲುಗಳ ಮೇಲಿನದು. ಹುಲ್ಲಿನ ಹೂವಿಗೆ ಬಣ್ಣ, ಪರಿಮಳ, ಮಕರಂದ ಯಾವುದೂ ಇಲ್ಲ, ಗಾಳಿಯೇ ಅದರ ವಾಹನ. ಬಾವಲಿಯ ಮರವನ್ನೂ ಗಾಳಿಯ ಹುಲ್ಲನ್ನೂ ಒಂದೇ ಶ್ರದ್ಧೆಯಿಂದ ನೋಡಿದ ಆ ಕಣ್ಣಿನ ಮೇಲೆ ನನಗೆ ದೊಡ್ಡ ಗೌರವ.

ಇಷ್ಟೆಲ್ಲ ಅಚ್ಚಾಗಿ ನಾಲ್ಕು ದಶಕಗಳ ಮೇಲೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಸಾಲಿಗೆ, ಪೀಡೆಜೀವಿಗಳ ಐದನೇ ಪರಿಶಿಷ್ಟಕ್ಕೆ ಸೇರಿಸಿತು. ಹಣ್ಣು ತಿನ್ನುವ ನಷ್ಟ ಲೆಕ್ಕಕ್ಕೆ ಬಂತು, ಹೂವಿಗೆ ಮಾಡಿದ ಉಪಕಾರ ಬರಲಿಲ್ಲ. ಮಹಾರಾಷ್ಟ್ರ 2020ರಲ್ಲಿ ಬಿಳಿ ಚಿಪ್ಪಿಯನ್ನು ರಾಜ್ಯದ ಕಾಂಡ್ಲಾ ಮರವೆಂದು ಘೋಷಿಸಿತು. ಸಂಜೆಗತ್ತಲಲ್ಲಿ ಬಿಳಿ ಕೇಸರಗಳನ್ನು ಬಿಚ್ಚಿ ಬಾವಲಿ, ಪತಂಗಗಳಿಗಾಗಿ ಕಾಯುವ ಮರ ಅದು. ಮರಕ್ಕೆ ಪಟ್ಟ ಕಟ್ಟಿದ ದಿನವೂ ಅದರ ರಾತ್ರಿ ಪಾಳಿಯ ಕೆಲಸಗಾರ ಕಾನೂನಿನಲ್ಲಿ ಪೀಡೆಯೇ ಆಗಿತ್ತು. 2022ರ ತಿದ್ದುಪಡಿ ಆ ಪೀಡೆಪಟ್ಟಿಯನ್ನು ತೆಗೆದುಹಾಕಿತು.

ಬಾವಲಿ ಬರುತ್ತದೆಂದು ಕೊಂಬೆ ಕಡಿಸುವವರು ಮಾತ್ರ ನಮ್ಮ ವಸತಿ ಸೊಸೈಟಿಗಳಲ್ಲಿ ಇನ್ನೂ ಇದ್ದಾರೆ. ಮಳೆಗಾಲದಲ್ಲಿ ಸಸಿ ಹಂಚುವವರು ಆ ಮರದ ಹೂವಿಗೆ ಯಾರು ಬರುತ್ತಾರೆ, ಯಾವ ಹೊತ್ತಿನಲ್ಲಿ ಬರುತ್ತಾರೆ ಎಂದು ಒಂದು ಚೀಟಿಯಲ್ಲಿ ಬರೆದು ಸಸಿಯ ಜೊತೆಗೇ ಕೊಡಲಿ.