ಒಂದು ಪೀಠ, ಇಬ್ಬರು ಆಟಗಾರರು
ಗ್ರೀನ್ ಬೇ ತಂಡದ ವೃತ್ತಾಂತದಿಂದ ದುಡಿಯುವವರು ತಿಳಿಯತಕ್ಕದ್ದು

ಬಹುಕಾಲ ಒಂದೇ ಸ್ಥಾನದಲ್ಲಿ ದುಡಿದು ಹೆಸರು ಗಳಿಸಿದವನು ಇನ್ನೂ ಕೈಲಾಗುವ ಸ್ಥಿತಿಯಲ್ಲಿರುವಾಗಲೇ, ಅವನ ಪಕ್ಕದಲ್ಲಿ ಒಬ್ಬ ತರುಣನನ್ನು ತಂದು ನಿಲ್ಲಿಸಿದರೆ ಆ ಹಿರಿಯನ ಮನಸ್ಸಿಗೆ ಏನಾಗುತ್ತದೆ? ಈ ಪ್ರಶ್ನೆಯು ಹೋಟೆಲಿನ ಅಡಿಗೆಮನೆಯಲ್ಲಿಯೂ ಏಳುತ್ತದೆ, ಕಚೇರಿಯ ಮೇಜಿನ ಮುಂದೆಯೂ ಏಳುತ್ತದೆ. ಆದರೆ ಕೋಟಿಗಟ್ಟಲೆ ಡಾಲರುಗಳ ನಡುವೆ, ಒಂದು ದೇಶದ ಜನರೆಲ್ಲರ ಕಣ್ಣೆದುರಿಗೆ ಅದು ಎದ್ದದ್ದು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಗ್ರೀನ್ ಬೇ ಎಂಬ ಊರಿನಲ್ಲಿ. ಅದೂ ಒಮ್ಮೆಯಲ್ಲ, ಎರಡು ಬಾರಿ. ಮೊದಲ ಸಲ ತರುಣನಾಗಿ ಬಂದು ನಿಂತವರೇ ಎರಡನೆಯ ಸಲ ಹಿರಿಯರ ಸ್ಥಾನದಲ್ಲಿದ್ದರು. ಆದುದರಿಂದಲೇ ಈ ವೃತ್ತಾಂತವನ್ನು ನಮ್ಮ ವಾಚಕರ ಮುಂದೆ ಇಡಲು ನಾವು ಬಯಸಿದ್ದೇವೆ.

ಆಟದ ಪರಿಚಯ

ಅಮೆರಿಕದವರು ಫುಟ್ಬಾಲ್ ಎಂದು ಕರೆಯುವ ಆಟವು ನಾವು ನೀವು ಬಲ್ಲ ಫುಟ್ಬಾಲ್ ಅಲ್ಲ. ಅಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಿಂದಲೇ ಒಯ್ಯುತ್ತಾರೆ, ಎಸೆಯುತ್ತಾರೆ. ಪ್ರತಿ ಪಕ್ಷದಲ್ಲಿ 11 ಮಂದಿ. ಅವರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ಮುಖ್ಯ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಾಳಿಗಳು ಮೈಮೇಲೆ ಬೀಳುವಷ್ಟರಲ್ಲಿ, ಎರಡು ಮೂರು ಸೆಕೆಂಡುಗಳೊಳಗೆ, ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂಬುದನ್ನು ಅವನು ನಿಶ್ಚಯಿಸಬೇಕು. ಮಧ್ಯಾಹ್ನದ ಊಟದ ಗದ್ದಲದಲ್ಲಿ ಹತ್ತು ಮೇಜುಗಳ ಕೂಗನ್ನು ಒಟ್ಟಿಗೆ ಕೇಳಿ, ಒಂದೂ ತಪ್ಪದಂತೆ ನಡೆಸುವ ಮನುಷ್ಯನನ್ನು ನೆನೆದುಕೊಂಡರೆ ನಮ್ಮ ವಾಚಕರಿಗೆ ಇದು ಅರ್ಥವಾದೀತು.

ಉಳಿದ ಸ್ಥಾನಗಳಲ್ಲಿ ಹೊಸಬನನ್ನು ಹಳಬನೊಡನೆ ಕೂಡಿಸಿ ಆಡಿಸಬಹುದು. ಈ ಪೀಠದಲ್ಲಿ ಮಾತ್ರ ಒಬ್ಬನಿಗೇ ಎಡೆ. ಎರಡನೆಯವನು ಗೆರೆಯಾಚೆ ನಿಂತು ಕಾಯಬೇಕು. ಕಲಹದ ಬೇರು ಇರುವುದು ಇಲ್ಲಿಯೇ.

ತರುಣರನ್ನು ತಂಡಗಳಿಗೆ ಹಂಚುವುದಕ್ಕೆ ಅಲ್ಲಿ ‘ಡ್ರಾಫ್ಟ್’ ಎಂಬ ಪದ್ಧತಿಯುಂಟು. 1936ರಲ್ಲಿ ಆರಂಭವಾದ ಈ ಪದ್ಧತಿಯ ಪ್ರಕಾರ ವರ್ಷಕ್ಕೊಮ್ಮೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಹಿಂದುಳಿದ ತಂಡಕ್ಕೆ ಮೊದಲ ಸರದಿ. ಮೊದಲ ಸುತ್ತಿನ ಸರದಿ ಎಂದರೆ ಬಹಳ ಬೆಲೆಯುಳ್ಳದ್ದು. ಅದನ್ನು ಇನ್ನೊಬ್ಬ ಕ್ವಾರ್ಟರ್‌ಬ್ಯಾಕಿಗಾಗಿ ವ್ಯಯಮಾಡಿದರೆ, ಇದ್ದವನ ದಿನಗಳನ್ನು ತಂಡವು ಎಣಿಸತೊಡಗಿದೆ ಎಂದೇ ಲೋಕವು ತಿಳಿಯುತ್ತದೆ.

ಮೊದಲ ಸಲ: 2005

ಗ್ರೀನ್ ಬೇ ಪ್ಯಾಕರ್ಸ್ 1919ರಲ್ಲಿ ಹುಟ್ಟಿದ ತಂಡ. ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಒಂದು ಕಂಪನಿ ಉಡುಪಿನ ಖರ್ಚಿಗೆ ಹಣ ಕೊಟ್ಟದ್ದರಿಂದ ಆ ಹೆಸರು ಬಂತು. ಸುಮಾರು ಒಂದು ಲಕ್ಷ ಜನಸಂಖ್ಯೆಯ ಚಿಕ್ಕ ಊರು. ತಂಡಕ್ಕೆ ಒಬ್ಬ ಧನಿಕ ಯಜಮಾನನಿಲ್ಲ. ಐದು ಲಕ್ಷಕ್ಕೂ ಮಿಕ್ಕ ಪಾಲುದಾರರಿದ್ದಾರೆ. ಅವರಿಗೆ ಲಾಭಾಂಶವೂ ಇಲ್ಲ, ಪಾಲನ್ನು ಲಾಭಕ್ಕೆ ಮಾರುವ ಹಕ್ಕೂ ಇಲ್ಲ. ಊರಿನ ಮೇಲಿನ ಅಭಿಮಾನವೊಂದೇ ಅವರ ಗಳಿಕೆ.

ಇಂತಹ ಊರಿಗೆ ಬ್ರೆಟ್ ಫಾರ್ವ್ ದೇವರಂತಿದ್ದರು. 1992ರ ಸೆಪ್ಟೆಂಬರಿನಲ್ಲಿ ಆ ಪೀಠವನ್ನೇರಿದವರು 2007ರ ಋತುವಿನ ಕೊನೆಯವರೆಗೆ ಒಂದು ಪಂದ್ಯಕ್ಕೂ ತಮ್ಮ ಸ್ಥಾನ ಬಿಟ್ಟುಕೊಡಲಿಲ್ಲ. 1997ರ ಜನವರಿಯಲ್ಲಿ ‘ಸೂಪರ್ ಬೌಲ್’ ಎಂಬ ಪರಮ ಪಂದ್ಯವನ್ನು ಗೆದ್ದುಕೊಟ್ಟರು. ಅವರಿಗೆ 35 ವರ್ಷ ವಯಸ್ಸಾಗಿದ್ದಾಗ, 2005ರ ಏಪ್ರಿಲಿನಲ್ಲಿ, ತಂಡವು 24ನೆಯ ಸರದಿಯಲ್ಲಿ ಆರನ್ ರಾಡ್ಜರ್ಸ್ ಎಂಬ ಕ್ಯಾಲಿಫೋರ್ನಿಯದ ತರುಣನನ್ನು ಆರಿಸಿಕೊಂಡಿತು.

ಆ ದಿನ ರಾಡ್ಜರ್ಸರಿಗೂ ಸುಖದ ದಿನವಾಗಿರಲಿಲ್ಲ. ಮೊದಲಿಗೇ ತಮ್ಮ ಹೆಸರು ಕೂಗಿಯಾರೆಂದು ನ್ಯೂಯಾರ್ಕಿನ ಸಭಾಂಗಣಕ್ಕೆ ಬಂದು ಕುಳಿತವರು ನಾಲ್ಕು ಗಂಟೆಗೂ ಹೆಚ್ಚು ಕಾಲ ಕಾದರು. ಟೆಲಿವಿಜನ್ನಿನ ಕಣ್ಣು ಅವರ ಮುಖದ ಮೇಲೆಯೇ ಇತ್ತು. ಕೊನೆಗೆ ಸಿಕ್ಕಿದ ಸ್ಥಾನವೂ ಗೆರೆಯಾಚೆ ನಿಂತು ನೋಡುವ ಸ್ಥಾನ. ಕಿರಿಯನನ್ನು ತರಬೇತು ಮಾಡಬೇಕೆಂದು ತಮ್ಮ ಕರಾರಿನಲ್ಲಿ ಬರೆದಿಲ್ಲವೆಂಬ ಅರ್ಥದ ಮಾತನ್ನು ಫಾರ್ವ್ ಆಡಿದರೆಂಬುದು ಅಲ್ಲಿ ಪ್ರಸಿದ್ಧವಾಗಿದೆ. ರಾಡ್ಜರ್ಸ್ ಮೂರು ಋತು ಕಾದರು, ನೋಡಿ ಕಲಿತರು.

2008ರ ಮಾರ್ಚಿಯಲ್ಲಿ ಫಾರ್ವ್ ಕಣ್ಣೀರಿಡುತ್ತ ನಿವೃತ್ತಿಯನ್ನು ಸಾರಿದರು. ಬೇಸಗೆಯಲ್ಲಿ ಮನಸ್ಸು ಬದಲಾಯಿಸಿ ಮತ್ತೆ ಬರುವೆನೆಂದರು. ಅಷ್ಟರಲ್ಲಿ ತಂಡವು ಪೀಠವನ್ನು ರಾಡ್ಜರ್ಸರಿಗೆ ವಹಿಸಿಯಾಗಿತ್ತು. ಆಗಸ್ಟಿನಲ್ಲಿ ಫಾರ್ವರನ್ನು ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಕಳುಹಿಸಿಬಿಟ್ಟರು. ಅಭ್ಯಾಸದ ಬಯಲಿನಲ್ಲಿ ಊರವರೇ ರಾಡ್ಜರ್ಸರನ್ನು ಹೀಯಾಳಿಸಿ ಕೂಗಿದರು. ಆ ಋತುವಿನಲ್ಲಿ ತಂಡವು 16 ಪಂದ್ಯಗಳಲ್ಲಿ 10ನ್ನು ಸೋತಿತು. ಆದರೆ 2011ರ ಫೆಬ್ರುವರಿಯಲ್ಲಿ ಅದೇ ರಾಡ್ಜರ್ಸ್ ಸೂಪರ್ ಬೌಲನ್ನು ಗ್ರೀನ್ ಬೇಗೆ ತಂದುಕೊಟ್ಟರು. ಹೀಯಾಳಿಸಿದ ಬಾಯಿಗಳೇ ಜಯಕಾರ ಮಾಡಿದವು.

ಎರಡನೆಯ ಸಲ: 2020

ಕಾಲವು ಯಾರನ್ನೂ ಬಿಡುವುದಿಲ್ಲ. 2020ರ ಏಪ್ರಿಲಿನಲ್ಲಿ ರಾಡ್ಜರ್ಸರಿಗೆ 36 ವರ್ಷ. 2018ರಲ್ಲಿ ಮಾಡಿಕೊಂಡ 4 ವರ್ಷಗಳ, 13 ಕೋಟಿ 40 ಲಕ್ಷ ಡಾಲರುಗಳ ಹೊಸ ಕರಾರು ಕೈಯಲ್ಲಿತ್ತು. ಅದರ ಅವಧಿ 2023ರವರೆಗೆ. ಹಿಂದಿನ ಋತುವಿನಲ್ಲಿ ತಂಡವು ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಕೆಳಗೆ ನಿಂತಿತ್ತು. ಚೆಂಡು ಹಿಡಿಯುವ ಒಬ್ಬ ಸಮರ್ಥ ಸಹಾಯಕನನ್ನು ತರುವರೆಂದು ಎಲ್ಲರೂ ಎಣಿಸಿದ್ದರು. ಆದರೆ ತಂಡವು 30ನೆಯ ಸರದಿಯಿಂದ 26ನೆಯದಕ್ಕೆ ಏರಿ, ಯೂಟಾ ಪ್ರಾಂತದ ವಿಶ್ವವಿದ್ಯಾಲಯವೊಂದರ ಜೋರ್ಡನ್ ಲವ್ ಎಂಬ 21 ವರ್ಷದ ಕ್ವಾರ್ಟರ್‌ಬ್ಯಾಕನ್ನು ಆರಿಸಿಕೊಂಡಿತು. ರಾಡ್ಜರ್ಸರಿಗೆ ಮುಂಚಿತವಾಗಿ ಒಂದು ಮಾತನ್ನೂ ತಿಳಿಸಿರಲಿಲ್ಲ.

ತಂಡದ ಲೆಕ್ಕಾಚಾರವು ಅವಿವೇಕದ್ದೆಂದು ನಾವು ಹೇಳಲಾರೆವು. ಅಲ್ಲಿ 1994ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಒಂದು ಮಿತಿಯುಂಟು. 2020ರಲ್ಲಿ ಅದು 19 ಕೋಟಿ 82 ಲಕ್ಷ ಡಾಲರ್. ಹೆಸರಾಂತ ಕ್ವಾರ್ಟರ್‌ಬ್ಯಾಕ್ ಒಬ್ಬನಿಗೇ ವರ್ಷಕ್ಕೆ 3 ಕೋಟಿಗೂ ಮೀರಿ ಹೋದರೆ ಉಳಿದವರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಹೊಸಬನ ಸಂಬಳವಾದರೋ 2011ರ ಒಪ್ಪಂದದಂತೆ ಸರದಿಗನುಸಾರ ನಿಗದಿಯಾಗಿದೆ. ಲವ್‌ಗೆ ನಾಲ್ಕು ವರ್ಷಕ್ಕೆಲ್ಲ ಸೇರಿ ಸುಮಾರು 1 ಕೋಟಿ 24 ಲಕ್ಷ ಡಾಲರ್. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದು ಮುಂದಾಲೋಚನೆಯೇ.

ಕರಾರು ಪತ್ರದ ಒಳಗುಟ್ಟು

ಇಲ್ಲಿ ಕರಾರಿನ ವಿಷಯವಾಗಿ ನಾಲ್ಕು ಮಾತು ಹೇಳುವುದು ಅವಶ್ಯ. ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವ ಕೋಟಿಗಳೆಲ್ಲ ಆಟಗಾರನ ಕೈಗೆ ಬಂದೇ ತೀರುತ್ತವೆಂದು ತಿಳಿಯಬಾರದು. ಎಷ್ಟು ಹಣಕ್ಕೆ ಖಾತರಿಯನ್ನು ಬರೆದಿದೆಯೋ ಅಷ್ಟೇ ಅವನದು. ಉಳಿದ ವರ್ಷಗಳ ಸಂಬಳವನ್ನು ತಂಡವು ಅವನನ್ನು ಇಟ್ಟುಕೊಂಡರೆ ಮಾತ್ರ ಕೊಡುತ್ತದೆ. ನಾಲ್ಕು ವರ್ಷದ ಕರಾರೆಂದರೆ ಆಟಗಾರನಿಗೆ ನಾಲ್ಕು ವರ್ಷದ ಕಟ್ಟು, ತಂಡಕ್ಕೆ ಅಷ್ಟು ಕಟ್ಟಲ್ಲ.

ಹಾಗಾದರೆ ವಯಸ್ಸಾದವನನ್ನು ತಂಡವು ಕೂಡಲೇ ಏಕೆ ಬಿಡುವುದಿಲ್ಲ? ಅದಕ್ಕೆ ಕಾರಣ ಸಹಿ ಹಾಕುವಾಗ ಕೊಡುವ ಇನಾಮು. ಐದು ಕೋಟಿ ಇನಾಮು ಕೊಟ್ಟರೆ ಅದನ್ನು ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೊಂದು ಕೋಟಿಯಂತೆ ಐದು ವರ್ಷಕ್ಕೆ ಹಂಚಬಹುದು. ಎರಡು ವರ್ಷಕ್ಕೇ ಅವನನ್ನು ಕಳುಹಿಸಿದರೆ ಉಳಿದ ಮೂರು ಕೋಟಿ ಮಿತಿಯ ಲೆಕ್ಕಕ್ಕೆ ಬಂದು ಬೀಳುತ್ತದೆ. ಮೈದಾನದಲ್ಲಿ ಇಲ್ಲದವನ ಹೆಸರಿನಲ್ಲಿ ಖರ್ಚು! ಹಿರಿಯ ಆಟಗಾರನಿಗೆ ನಿಜವಾದ ರಕ್ಷೆಯೆಂದರೆ ಇದೇ. ಹಳೆಯ ಜಯಗಳು ಅವನನ್ನು ಕಾಯುವುದಿಲ್ಲ; ಬರೆಸಿಕೊಂಡ ಪತ್ರ ಕಾಯುತ್ತದೆ.

ಮುನಿಸಿನ ಮೂಲ

ರಾಡ್ಜರ್ಸ್ ತಮ್ಮ ಉತ್ತರವನ್ನು ಮೊದಲು ಮೈದಾನದಲ್ಲಿ ಕೊಟ್ಟರು. 2020 ಮತ್ತು 2021ರ ಋತುಗಳೆರಡರಲ್ಲಿಯೂ ವರ್ಷದ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಅವರಿಗೇ ಬಂತು. ಆದರೂ 2021ರ ಏಪ್ರಿಲಿನಲ್ಲಿ, ಅವರು ಗ್ರೀನ್ ಬೇಗೆ ಮರಳಲು ಒಲ್ಲರೆಂಬ ಸುದ್ದಿ ಹಬ್ಬಿತು. ಹೆಚ್ಚು ಹಣಕ್ಕಾಗಿ ಹೂಡಿದ ಹಟವೆಂದು ಹಲವರು ಭಾವಿಸಿದರು.

ಜುಲೈಯಲ್ಲಿ ಅವರು ಪತ್ರಕರ್ತರ ಮುಂದೆ ಬಾಯಿಬಿಟ್ಟಾಗ ಹೊರಬಿದ್ದ ದೂರು ಬೇರೆಯೇ ಆಗಿತ್ತು. ತಮ್ಮ ಕೆಲಸಕ್ಕೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮ್ಮನ್ನೊಂದು ಮಾತು ಕೇಳುವುದಿಲ್ಲವೆಂಬುದು ಮೊದಲನೆಯದು. ತಂಡಕ್ಕಾಗಿ ವರ್ಷಗಟ್ಟಲೆ ದುಡಿದ ಹಳೆಯ ಜೊತೆಗಾರರನ್ನು ಮರ್ಯಾದೆಯಿಂದ ಬೀಳ್ಕೊಡಲಿಲ್ಲವೆಂಬುದು ಎರಡನೆಯದು. ಅಂತಹವರ ಹೆಸರುಗಳನ್ನು ಅವರು ಒಂದೊಂದಾಗಿ ಎಣಿಸಿ ಹೇಳಿದರು. ತರುಣ ಲವ್‌ನ ಮೇಲೆ ತಮಗೆ ಕೋಪವಿಲ್ಲವೆಂದು ಮೊದಲೇ ಸ್ಪಷ್ಟಪಡಿಸಿದ್ದರು. ಡ್ರಾಫ್ಟಿನ ಸಮಯದಲ್ಲಿ ವಿಷಯ ತಿಳಿಸುವ ರೀತಿ ಬೇರೆಯಾಗಿರಬಹುದಿತ್ತೆಂದು ತಂಡದ ವ್ಯವಸ್ಥಾಪಕ ಬ್ರಯನ್ ಗುಟೆಕುನ್ಸ್ಟ್ ಕೂಡ ಒಪ್ಪಿಕೊಂಡರು. ಕರಾರನ್ನು ತಿದ್ದಿದರು, ಕೊನೆಯ ವರ್ಷದ ಕಟ್ಟನ್ನು ತೆಗೆದರು, ರಾಡ್ಜರ್ಸ್ ಬಯಸಿದ ಒಬ್ಬ ಹಳೆಯ ಜೊತೆಗಾರನನ್ನು ಮರಳಿ ಕರೆತಂದರು. 2022ರ ಮಾರ್ಚಿಯಲ್ಲಿ ಮೂರು ವರ್ಷಕ್ಕೆ ಸುಮಾರು 15 ಕೋಟಿ ಡಾಲರುಗಳ ಹೊಸ ಕರಾರೂ ಆಯಿತು.

ಆದರೆ ಒಮ್ಮೆ ಬಿದ್ದ ಬಿರುಕು ಹಣದಿಂದ ಕೂಡಲಿಲ್ಲ. ಆ ಋತುವಿನಲ್ಲಿ ತಂಡ ಹಿಂದುಳಿಯಿತು. 2023ರ ಏಪ್ರಿಲಿನಲ್ಲಿ ರಾಡ್ಜರ್ಸರನ್ನೂ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೇ ಕಳುಹಿಸಿದರು. ಅವರು ಇಲ್ಲದ ಆ ವರ್ಷ ಗ್ರೀನ್ ಬೇಯ ಲೆಕ್ಕದಲ್ಲಿ ಅವರ ಹೆಸರಿಗೆ 4 ಕೋಟಿ ಡಾಲರಿಗೂ ಮಿಕ್ಕ ಖರ್ಚು ನಿಂತಿತ್ತು. ಹೊಸ ಊರಿನಲ್ಲಿ ರಾಡ್ಜರ್ಸ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಬರಬೇಕಾಗಿದ್ದ ಹಣದಲ್ಲಿ ಸುಮಾರು 3 ಕೋಟಿ 50 ಲಕ್ಷ ಡಾಲರನ್ನು ತಾವಾಗಿಯೇ ಬಿಟ್ಟುಕೊಟ್ಟದ್ದು. ಅವರನ್ನು ಹಣದಾಸೆಯವರೆಂದವರು ಇದನ್ನು ಲಕ್ಷ್ಯದಲ್ಲಿಡಬೇಕು.

ವಿಧಿಯು ಅವರಿಗೆ ಅನುಕೂಲವಾಗಿರಲಿಲ್ಲ. ಸೆಪ್ಟೆಂಬರ್ 11ರಂದು, ಹೊಸ ತಂಡದ ಮೊದಲ ಪಂದ್ಯದ ಮೊದಲ ಕೆಲವು ನಿಮಿಷಗಳಲ್ಲಿಯೇ, ಹಿಮ್ಮಡಿಯ ನರ ಹರಿದು ಆ ಋತುವೆಲ್ಲ ಕಳೆದುಹೋಯಿತು. ಮರುವರ್ಷ ಆ ತಂಡ 17 ಪಂದ್ಯಗಳಲ್ಲಿ 12ನ್ನು ಸೋತಿತು, ಅವರನ್ನು ಬಿಟ್ಟುಬಿಟ್ಟಿತು. 2025ರ ಜೂನಿನಲ್ಲಿ, 41ರ ವಯಸ್ಸಿನಲ್ಲಿ, ಪಿಟ್ಸ್‌ಬರ್ಗ್ ತಂಡದೊಡನೆ ಅವರು ಸಹಿ ಹಾಕಿದ್ದು ಒಂದೇ ವರ್ಷದ ಕರಾರಿಗೆ.

ಇತ್ತ ಲವ್ ಕೂಡ ರಾಡ್ಜರ್ಸರಂತೆಯೇ ಮೂರು ಋತು ಕಾದಿದ್ದ. 2023ರಲ್ಲಿ ಪೀಠವೇರಿದಾಗ ಮೊದಲ 9 ಪಂದ್ಯಗಳಲ್ಲಿ 6 ಸೋಲು. ಎದೆಗುಂದದೆ ಆಡಿ ತಂಡವನ್ನು ಅಂತಿಮ ಸುತ್ತುಗಳಿಗೆ ಒಯ್ದ. 2024ರ ಜುಲೈಯಲ್ಲಿ ಅವನಿಗೆ ನಾಲ್ಕು ವರ್ಷಕ್ಕೆ 22 ಕೋಟಿ ಡಾಲರುಗಳ ಕರಾರು ದೊರೆಯಿತು. ಅವನ ಪಕ್ಕದಲ್ಲಿಯೂ ಒಂದು ದಿನ ಯಾವನೋ ತರುಣ ಬಂದು ನಿಲ್ಲದಿರನು.

ಹಿರಿಯನೇ ಯಾವಾಗಲೂ ಸೋಲುತ್ತಾನೆಂದಿಲ್ಲ. 2014ರಲ್ಲಿ ನ್ಯೂ ಇಂಗ್ಲೆಂಡ್ ತಂಡವು ಟಾಮ್ ಬ್ರೇಡಿಯವರ ಹಿಂದೆ ಒಬ್ಬ ಉತ್ತರಾಧಿಕಾರಿಯನ್ನು ತಂದು ನಿಲ್ಲಿಸಿತು. 2017ರಲ್ಲಿ ಊರು ಬಿಟ್ಟವನು ಆ ಉತ್ತರಾಧಿಕಾರಿಯೇ. ಬ್ರೇಡಿ ಮತ್ತೊಂದು ತಂಡಕ್ಕೆ ಹೋಗಿ 43ನೆಯ ವಯಸ್ಸಿನಲ್ಲಿಯೂ ಸೂಪರ್ ಬೌಲ್ ಗೆದ್ದರು.

ನಮ್ಮದೊಂದು ತಪ್ಪು

ಈ ವೃತ್ತಾಂತವನ್ನು ಓದುವಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಗುತ್ತದೆ. ಪತ್ರಿಕೆಗೆ ಬರುವ ಮುಂಚೆ ನಾವು ಹೋಟೆಲು ನಡೆಸುತ್ತಿದ್ದಾಗ ದೋಸೆಯ ಕಾವಲಿಯ ಮುಂದೆ ವರ್ಷಗಟ್ಟಲೆ ನಿಂತ ಒಬ್ಬ ಭಟ್ಟರಿದ್ದರು. ಅವರ ಕೈ ನಿಧಾನವಾಗುತ್ತ ಬಂದಿತೆಂದು ನಾವು ಊರಿನಿಂದ ಒಬ್ಬ ಹುಡುಗನನ್ನು ಕರೆಸಿದೆವು. ಅವರಿಗೆ ಹೇಳುವ ಧೈರ್ಯ ನಮಗಾಗಲಿಲ್ಲ. ಒಂದು ಬೆಳಿಗ್ಗೆ ಅವರು ಬಂದು ನೋಡುವಾಗ ತಮ್ಮ ಸೌಟು ಇನ್ನೊಬ್ಬನ ಕೈಯಲ್ಲಿತ್ತು. ಭಟ್ಟರು ಸಿಟ್ಟಾಗಲಿಲ್ಲ. ಹುಡುಗನ ಪಕ್ಕದಲ್ಲಿ ನಿಂತು, ನೀರು ಚಿಮುಕಿಸಿ ಕಾವಲಿಯ ಕಾವನ್ನು ಅರಿಯುವ ಬಗೆಯನ್ನು ತೋರಿಸಿಕೊಟ್ಟರು. ತಿಂಗಳ ಕೊನೆಗೆ ಗಲ್ಲಾದ ಮುಂದೆ ಬಂದು, “ರಾಯರೇ, ನನ್ನ ಲೆಕ್ಕ ಮುಗಿಸಿಬಿಡಿ” ಎಂದರು. ನಾವು ನಾಚಿಕೆಯಿಂದ ಸಲ್ಲತಕ್ಕದ್ದಕ್ಕಿಂತ ಹೆಚ್ಚು ಕೊಟ್ಟೆವು. ಅವರು ಎಣಿಸಿ, ಹೆಚ್ಚಿನದನ್ನು ಗಲ್ಲಾದ ಮೇಲೆಯೇ ಇಟ್ಟರು. “ಹಿಂದಿನ ದಿನ ಒಂದು ಮಾತು ಹೇಳಿದ್ದರೆ ನಾನೇ ಅವನ ಕೈಗೆ ಸೌಟು ಕೊಡುತ್ತಿದ್ದೆ” ಎಂದು ಹೇಳಿ ಮೆಟ್ಟಲಿಳಿದು ಹೋದರು.

ಹುಡುಗನನ್ನು ತಂದದ್ದು ತಪ್ಪೆಂದು ನಮಗೆ ಇಂದಿಗೂ ತೋರುವುದಿಲ್ಲ. ಕೈ ಸೋಲುವುದು ಪ್ರಕೃತಿಧರ್ಮ, ಕಾವಲಿ ಆರಕೂಡದು. ಆದರೆ ಹೇಳದೆ ತಂದದ್ದು ತಪ್ಪು. ಗ್ರೀನ್ ಬೇಯಲ್ಲಿ ಕೋಟಿಗಟ್ಟಲೆ ಡಾಲರುಗಳಿಂದ ತುಂಬಿಸಲಾಗದ ಕೊರತೆಯೂ ಅದೇ ಒಂದು ಮಾತಿನದು.

ನಮ್ಮ ವಾಚಕರಲ್ಲಿ ಕಾಯುತ್ತಿರುವ ತರುಣರೂ ಇದ್ದಾರೆ, ಕೈ ನಿಧಾನವಾಗುತ್ತಿರುವ ಹಿರಿಯರೂ ಇದ್ದಾರೆ, ಗಲ್ಲಾದಲ್ಲಿ ಕುಳಿತವರೂ ಇದ್ದಾರೆ. ತರುಣರು ಕಾಯುವ ಕಾಲವನ್ನು ಕಲಿಯುವ ಕಾಲವಾಗಿ ಮಾಡಿಕೊಳ್ಳಲಿ. ಹಿರಿಯರು ತಮಗೆ ಸಲ್ಲಬೇಕಾದುದನ್ನು, ಕೈಯಲ್ಲಿ ಬಲವಿರುವಾಗಲೇ, ಕಾಗದದ ಮೇಲೆ ಬರೆಸಿಕೊಳ್ಳಲಿ. ಯಜಮಾನನ ಪ್ರೀತಿಯೊಂದನ್ನೇ ನಂಬಿ ಕುಳಿತಿರಬಾರದು. ಗಲ್ಲಾದಲ್ಲಿ ಕುಳಿತವರು ಹೊಸಬನನ್ನು ಕರೆಸುವ ಕಾಗದವನ್ನು ಬರೆಯುವ ಮುನ್ನ ಹಳಬನನ್ನು ಕರೆದು ಕುಳ್ಳಿರಿಸಿ ಮಾತಾಡಲಿ. ಅದಕ್ಕೆ ಖರ್ಚಿಲ್ಲ. ನಾವು ಅಷ್ಟನ್ನು ಮಾಡಿದ್ದರೆ ಆ ಭಟ್ಟರು ಆ ದಿನ ಹಾಗೆ ಮೆಟ್ಟಲಿಳಿದು ಹೋಗುತ್ತಿರಲಿಲ್ಲ.