ಜ್ವರ ಬಿಟ್ಟ ಮೇಲೆ ಬಂದ ಹೃದಯದ ವರದಿ

ಮಳೆಗಾಲ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಭಾಗದ ನಮ್ಮ ಮನೆಗಳಲ್ಲಿ ಡೆಂಗಿ, ಚಿಕುನ್‌ಗುನ್ಯಾ ಮುಂತಾದ ವೈರಸ್ ಜ್ವರಗಳ ಮಾತು ಮೊದಲಾಗುತ್ತದೆ. ಜ್ವರವೇನೋ ವಾರದಲ್ಲಿ ಬಿಡುತ್ತದೆ. ಕೆಲವರಿಗೆ ಸುಸ್ತು, ಎದೆಬಡಿತ ಬಿಡುವುದಿಲ್ಲ. ಇ.ಸಿ.ಜಿ. ತೆಗೆಸಿದರೆ ಕಾಗದದ ಮೇಲೆ ‘ಅಬ್‌ನಾರ್ಮಲ್’ ಎಂದು ಅಚ್ಚಾಗಿ ಬರುತ್ತದೆ. ಅಂದಿನಿಂದ ಮನೆಮಂದಿಗೆಲ್ಲ ನಿದ್ದೆಯಿಲ್ಲ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2025ರ ಜೂನ್–ಜುಲೈನಲ್ಲಿ ನೆರೆಯ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಪರೀಕ್ಷೆಗೆಂದು ಸಾಲುಗಟ್ಟಿದರು. ಕೋವಿಡ್ ಬಂದುಹೋದುದೇ ಇದಕ್ಕೆ ಕಾರಣವೆಂಬ ಮಾತೂ ಹಬ್ಬಿತು. ಹಠಾತ್ ಹೃದಯಾಘಾತಕ್ಕೂ ಹಿಂದಿನ ಕೋವಿಡ್ ಸೋಂಕಿಗೂ ನೇರ ಸಂಬಂಧ ಕಾಣಲಿಲ್ಲವೆಂದು ತಜ್ಞರು ಸರ್ಕಾರಕ್ಕೆ ವರದಿ ಕೊಟ್ಟರು.

ಹಾಗೆಂದು ವೈರಸ್ಸಿಗೂ ಹೃದಯಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಕೆಲವರಲ್ಲಿ ವೈರಸ್ ಜ್ವರದ ಜೊತೆಗೋ, ಅದರ ಬೆನ್ನಿಗೋ ಹೃದಯದ ಸ್ನಾಯುವಿಗೆ ಉರಿಯೂತವಾಗುತ್ತದೆ. ಇದನ್ನೇ ವೈದ್ಯರು ‘ಮಯೋಕಾರ್ಡೈಟಿಸ್’ ಎನ್ನುತ್ತಾರೆ. ಹೆಚ್ಚಿನವರಲ್ಲಿ ಇದು ವಾರಗಳಲ್ಲಿ, ತಿಂಗಳುಗಳಲ್ಲಿ ಗುಣವಾಗುತ್ತದೆ. ಕೆಲವರಲ್ಲಿ ಮಾತ್ರ ಹೃದಯ ದುರ್ಬಲವಾಗಿ ಉಳಿಯಬಹುದು. ಆದ್ದರಿಂದ ಉದಾಸೀನವೂ ಸಲ್ಲದು, ಗಾಬರಿಯೂ ಸಲ್ಲದು.

ವರದಿ ಏನು ಹೇಳುತ್ತದೆ?

ಅಡಿಕೆಯ ಗರಿ ಹಳದಿಯಾದ ಮಾತ್ರಕ್ಕೆ ನಾವು ಮರ ಕಡಿಯುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಗೊಬ್ಬರ ಸಾಲದೇ, ಬೇರುಹುಳು ತಗುಲಿದೆಯೇ ಎಂದು ನೋಡುತ್ತೇವೆ. ಹೃದಯದ ವರದಿಯೂ ಹೀಗೆಯೇ. ಅದೊಂದು ಸುಳಿವು, ತೀರ್ಪಲ್ಲ.

ಇ.ಸಿ.ಜಿ. ಎಂದರೆ ಹೃದಯದ ವಿದ್ಯುತ್ ಚಲನೆಯ ಗೆರೆಗಳು. ‘ಅಬ್‌ನಾರ್ಮಲ್’ ಎಂದು ಅಚ್ಚು ಹಾಕುವುದು ಯಂತ್ರ. ಅದನ್ನು ವೈದ್ಯರು ಓದಿ ಒಪ್ಪಬೇಕು. ಡೆಂಗಿ ಬಿಡುವ ಹೊತ್ತಿಗೆ ನಾಡಿ ನಿಧಾನವಾಗುವುದುಂಟು. ಬಹುಪಾಲು ತಾನೇ ಸರಿಹೋಗುತ್ತದೆ. ಹಳೆಯ ಇ.ಸಿ.ಜಿ. ಇದ್ದರೆ ತಪ್ಪದೆ ಒಯ್ಯಿರಿ. ಬದಲಾವಣೆ ಹೊಸದೋ ಹಳೆಯದೋ ಎಂಬುದು ಹೋಲಿಸಿದಾಗಲೇ ತಿಳಿಯುವುದು.

ಟ್ರೋಪೋನಿನ್ ರಕ್ತಪರೀಕ್ಷೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುತ್ತದೆ; ಏಕೆ ಆಗಿದೆ ಎಂದಲ್ಲ. ಹೃದಯಾಘಾತದಲ್ಲೂ, ಉರಿಯೂತದಲ್ಲೂ, ಮೂತ್ರಪಿಂಡದ ಕಾಯಿಲೆಯಲ್ಲೂ ಅದು ಏರಬಹುದು. ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುವುದು ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಲು.

ಎಕೋ ಪರೀಕ್ಷೆಯಲ್ಲಿ ‘ಇ.ಎಫ್. 60%’ ಎಂದಿದ್ದರೆ, ಹೃದಯದ ನೂರರಲ್ಲಿ ನಲವತ್ತು ಪಾಲು ಹೋಯಿತೆಂದು ಕಂಗಾಲಾಗುವವರಿದ್ದಾರೆ. ಅದು ತಪ್ಪು ಲೆಕ್ಕ. ಹೃದಯವು ಒಂದು ಬಡಿತಕ್ಕೆ ತನ್ನೊಳಗಿನ ರಕ್ತವನ್ನೆಲ್ಲ ಹೊರದೂಡುವುದೇ ಇಲ್ಲ. 55ರಿಂದ 70ರವರೆಗೆ ಇದ್ದರೆ ಸಾಮಾನ್ಯ. 40ಕ್ಕಿಂತ ಕೆಳಗಿದ್ದರೆ ಹೃದಯದ ಶಕ್ತಿ ಕುಗ್ಗಿದೆಯೆಂದು ತಿಳಿದು ತಜ್ಞರ ಆರೈಕೆಯಲ್ಲಿರಬೇಕು.

ತೋಟದ ಕೆಲಸಕ್ಕೆ ಯಾವಾಗ?

ಇಲ್ಲಿಯೇ ನಾವು ಎಡವುವುದು. ಔಷಧಿ ಹೊಡೆಯುವ ಕಾಲ ಮೀರುತ್ತದೆಂದು ಜ್ವರ ಬಿಟ್ಟ ಮೂರನೆಯ ದಿನವೇ ಬೋರ್ಡೋ ದ್ರಾವಣದ ಕ್ಯಾನು ಬೆನ್ನಿಗೇರಿಸುತ್ತೇವೆ. ಹೃದಯಕ್ಕೆ ಉರಿಯೂತವಿರುವಾಗ ಭಾರದ ಕೆಲಸ ಮಾಡಿದರೆ ಬಡಿತದ ಲಯ ತಪ್ಪಿ ಪ್ರಾಣಕ್ಕೇ ಎರವಾಗಬಹುದು. ಉರಿಯೂತ ಖಚಿತವಾದವರಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಶ್ರಮದ ಕೆಲಸ ಬೇಡವೆನ್ನುತ್ತಾರೆ; ಮತ್ತೆ ಪರೀಕ್ಷಿಸಿದ ನಂತರವೇ ಅನುಮತಿ. ಈ ಒಂದು ಹಂಗಾಮಿಗೆ ಅಕ್ಕಪಕ್ಕದವರು ಮುಯ್ಯಾಳಾಗಿ ಕೈಜೋಡಿಸಿದರೆ ಒಂದು ಸಂಸಾರ ಉಳಿದೀತು. ಮೈಕೈ ನೋವಿಗೆಂದು ಅಂಗಡಿಯ ಮಾತ್ರೆ ನುಂಗುವುದೂ ಬೇಡ. ಡೆಂಗಿಯಲ್ಲಿ ಕೆಲವು ನೋವಿನ ಮಾತ್ರೆಗಳಿಂದ ರಕ್ತಸ್ರಾವದ ಅಪಾಯವಿದೆ.

ತಡಮಾಡಬಾರದ ಲಕ್ಷಣಗಳು

ಎದೆನೋವು, ಮಲಗಿದರೆ ಉಬ್ಬಸ, ತಲೆಸುತ್ತಿ ಬೀಳುವುದು, ಲಯತಪ್ಪಿದ ಎದೆಬಡಿತ, ಕಾಲು ಬಾವು—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಎದೆನೋವು, ಉಬ್ಬಸ, ಬವಳಿ ಬಂದಾಗ 108ಕ್ಕೆ ಕರೆ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ. ಆಗಲಿ, ಮುಂದೆ ಎಲ್ಲಿಗೆಂಬುದನ್ನು ಅಲ್ಲಿನ ವೈದ್ಯರು ಹೇಳುವರು.

ಮಣ್ಣು ಪರೀಕ್ಷೆಯ ಚೀಟಿಯನ್ನು ಜೋಪಾನವಾಗಿಡುವ ನಾವು, ಹೃದಯದ ವರದಿಗಳನ್ನೂ ತಾರೀಖಿನ ಕ್ರಮದಲ್ಲಿ ಒಂದು ಫೈಲಿನಲ್ಲಿಡೋಣ. ಮುಂದಿನ ವೈದ್ಯರಿಗೆ ಅದೇ ದಾರಿದೀಪ.