ಡ್ರಾಕುಲಾ ಕಾದಂಬರಿಯನ್ನು ನಾವು ಕೈಬಿಟ್ಟುದೇಕೆ?

ಕಳೆದ ದೀಪಾವಳಿಯ ಸಂಚಿಕೆಯಲ್ಲಿ, ಬ್ರಾಮ್ ಸ್ಟೋಕರನ ಜಗತ್ಪ್ರಸಿದ್ಧ ಭಯಾನಕ ಕಾದಂಬರಿ ‘ಡ್ರಾಕುಲಾ’ವನ್ನು ಕನ್ನಡಕ್ಕಿಳಿಸಿ ಪ್ರತಿ ಭಾನುವಾರ ಧಾರಾವಾಹಿಯಾಗಿ ಕೊಡುವೆವೆಂದು ನಾವು ವಾಚಕರಿಗೆ ಮಾತು ಕೊಟ್ಟಿದ್ದೆವು. ಅಂದಿನಿಂದ ಎಷ್ಟೋ ಭಾನುವಾರಗಳು ಸಂದುವು, ಧಾರಾವಾಹಿಯ ಸುಳಿವಿಲ್ಲ. ಹಡಪ್ಸರದಿಂದಲೂ ಪಿಂಪ್ರಿಯಿಂದಲೂ ಬಂದ ಪತ್ರಗಳಲ್ಲಿ ಕೆಲವು ವಿನೋದದವು, ಕೆಲವು ಖಾರದವು. ಮಾತು ಕೊಟ್ಟು ಮೌನ ತಾಳುವುದು ಪತ್ರಿಕೆಗೆ ಸಲ್ಲದು. ಆದುದರಿಂದ ಇದ್ದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿಕೊಳ್ಳುತ್ತೇವೆ: ಇಪ್ಪತ್ತೇಳು ಅಧ್ಯಾಯಗಳ ಆ ಗ್ರಂಥವನ್ನು ನಾವು ಹದಿನೆಂಟನೆಯ ಅಧ್ಯಾಯದಲ್ಲಿ ಮುಚ್ಚಿಟ್ಟೆವು.

ಅದನ್ನು ಆರಿಸಿಕೊಂಡುದಕ್ಕೆ ಕಾರಣವಿತ್ತು. ಎಸ್.ಎಸ್.ಎಲ್.ಸಿ. ಮುಗಿಸಿ ಈ ಊರಿಗೆ ಬಂದು ಹೋಟೆಲೊಂದರಲ್ಲಿ ಟೇಬಲು ಒರೆಸುತ್ತಿದ್ದ ದಿನಗಳಲ್ಲಿ, ರಾತ್ರಿ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಟ್ಟು ನಾವು ಹುಡುಗರು ನಡುವೆ ಚಾಪೆ ಹಾಸಿಕೊಳ್ಳುತ್ತಿದ್ದೆವು. ದೀಪ ಆರಿದ ಮೇಲೆ ಕುಂದಾಪುರದ ಕಡೆಯ ಮುದಿ ಅಡಿಗೆಭಟ್ಟರೊಬ್ಬರು ಕತೆ ತೆಗೆಯುವರು. 1773ರ ಆಗಸ್ಟ್ 30ರಂದು ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾವ್ ಶನಿವಾರವಾಡೆಯಲ್ಲಿ ಗಾರ್ದಿಗಳ ಕತ್ತಿಗೆ ಬಲಿಯಾದುದು ಇತಿಹಾಸ. ‘ಕಾಕಾ, ಮಲಾ ವಾಚವಾ’ ಎಂಬ ಅವನ ಕೂಗು ಹುಣ್ಣಿಮೆಯ ರಾತ್ರಿ ಅಲ್ಲಿ ಇಂದಿಗೂ ಕೇಳಿಬರುವುದೆಂಬುದು ಜನರ ಮಾತು. ಭಟ್ಟರಿಗೆ ಇಸವಿಯ ಗೊಡವೆಯಿರಲಿಲ್ಲ. ಹುಡುಗನು ಕೋಣೆಯಿಂದ ಕೋಣೆಗೆ ಓಡಿಬಂದು ಚಿಕ್ಕಪ್ಪನ ಸೊಂಟವನ್ನು ಅಪ್ಪಿಕೊಂಡನು ಎನ್ನುವಲ್ಲಿಗೆ ನಿಲ್ಲಿಸಿ, ಮಗ್ಗುಲು ಬದಲಿಸಿ ಮಲಗಿಬಿಡುವರು. ಮುಂದೇನಾಯಿತೆಂದರೆ ಉತ್ತರವಿಲ್ಲ. ಊರಿನಿಂದ ಒಬ್ಬ ಚಿಕ್ಕಪ್ಪನ ಕೈಹಿಡಿದು ಬಂದು, ಅವನು ತೋರಿಸಿದ ಮೂಲೆಯಲ್ಲಿ ಮಲಗಿದ್ದ ನಮ್ಮಂತಹವರಿಗೆ ಆ ಕತೆ ಎಲ್ಲಿ ತಟ್ಟಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಿತ್ತಿಲ ನಲ್ಲಿಯವರೆಗೆ ಹೋಗಬೇಕಾದವನೂ ಬೆಳಗಿನ ಹಾಲಿನವನು ಬಾಗಿಲು ತಟ್ಟುವತನಕ ಏಳುತ್ತಿರಲಿಲ್ಲ.

ಆ ಭಯವನ್ನು ಇನ್ನೊಮ್ಮೆ ಅನುಭವಿಸಬೇಕು, ವಾಚಕರಿಗೂ ಉಣಬಡಿಸಬೇಕು ಎಂಬ ಆಸೆಯಿಂದಲೇ ಅಪ್ಪಾ ಬಳವಂತ ಚೌಕದಲ್ಲಿ ಹಳೆಯ ಪ್ರತಿಯೊಂದನ್ನು ಕೊಂಡುತಂದೆವು. ಗ್ರಂಥಕರ್ತನು 1912ರಲ್ಲೇ ತೀರಿಕೊಂಡವನಾದುದರಿಂದ ಹಕ್ಕುಸ್ವಾಮ್ಯದ ತೊಡಕೂ ಇರಲಿಲ್ಲ; ವ್ಯಾಪಾರ ಬುದ್ಧಿ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಈ ಸ್ಟೋಕರನೂ ನಮ್ಮ ಜಾತಿಯವನೇ. ಲಂಡನಿನ ಲೈಸಿಯಂ ನಾಟಕಶಾಲೆಯಲ್ಲಿ ನಟ ಹೆನ್ರಿ ಇರ್ವಿಂಗನ ವ್ಯವಹಾರ ನೋಡಿಕೊಳ್ಳುತ್ತ, ಟಿಕೇಟಿನ ಲೆಕ್ಕದ ನಡುವೆ ಬರೆದವನು. ಟ್ರಾನ್ಸಿಲ್ವೇನಿಯವನ್ನು ಕಣ್ಣಿನಿಂದ ಕಂಡವನಲ್ಲ; ಪುಸ್ತಕಗಳನ್ನೋದಿ ಕಟ್ಟಿದ ದೇಶ ಅದು. 1897ರಲ್ಲಿ ಕಾದಂಬರಿ ಹೊರಬಂದಿತು.

ಮೊದಲ ನಾಲ್ಕು ಅಧ್ಯಾಯಗಳ ವಿಷಯದಲ್ಲಿ ನಮಗೆ ಯಾವ ದೂರೂ ಇಲ್ಲ. ಹೋಟೆಲು ನಡೆಸಿದವನಿಗಾಗಿಯೇ ಬರೆದಂತಿವೆ. ಹಾರ್ಕರನೆಂಬ ತರುಣ ವಕೀಲನು ಮನೆ ಮಾರಾಟದ ಕಾಗದಪತ್ರದೊಡನೆ ಹೊರಟು, ದಾರಿಯ ಹೋಟೆಲಿನಲ್ಲಿ ಕೆಂಪು ಮೆಣಸಿನ ಕೋಳಿಯನ್ನುಂಡು, ತನ್ನ ಮೀನಾಳಿಗಾಗಿ ಅದರ ಪಾಕವಿಧಾನವನ್ನು ಕೇಳಿಕೊಳ್ಳಬೇಕೆಂದು ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಮುಂದಿನ ಹೋಟೆಲಿನ ಯಜಮಾನಿ ಮೊಣಕಾಲೂರಿ ಹೋಗಬೇಡವೆಂದು ಬೇಡಿ, ತನ್ನ ಕೊರಳಿನ ಶಿಲುಬೆಯನ್ನು ಅವನಿಗೆ ತೊಡಿಸುತ್ತಾಳೆ. ಗಿರಾಕಿಯನ್ನು ಕುರಿತು ಇಷ್ಟು ಮರುಗುವ ಹೋಟೆಲಿನವರು ಸಾಹಿತ್ಯದಲ್ಲಿ ವಿರಳ. ದುರ್ಗದಲ್ಲಿ ಕೌಂಟ್ ಡ್ರಾಕುಲಾ ಅತಿಥಿಯನ್ನು ಅಪಾರ ವಿನಯದಿಂದ ಬರಮಾಡಿಕೊಳ್ಳುತ್ತಾನೆ. ಊಟ ಬಡಿಸುತ್ತಾನೆ, ತಾನು ಮಾತ್ರ ಉಣ್ಣುವುದಿಲ್ಲ. ಆಳುಕಾಳುಗಳು ಎಲ್ಲಿಯೂ ಕಾಣರು. ಒಂದು ದಿನ ಹಾರ್ಕರನು ಬಾಗಿಲ ಸಂದಿನಿಂದ ಇಣುಕಿದಾಗ, ಆ ಘನವಂತ ಕೌಂಟನೇ ಹಾಸಿಗೆಯನ್ನು ಸರಿಪಡಿಸಿ, ಮೇಜಿನ ಮೇಲೆ ತಟ್ಟೆಗಳನ್ನು ಜೋಡಿಸುತ್ತಿರುವುದು ಕಾಣಿಸುತ್ತದೆ.

ಅದನ್ನೋದಿದಾಗ ನಮ್ಮ ಬೆನ್ನಿನಲ್ಲಿ ನಡುಕ ಹರಿದುದು ಸತ್ಯ. ಅವನು ಗೋಡೆಯ ಮೇಲೆ ಹಲ್ಲಿಯಂತೆ ತಲೆಕೆಳಗಾಗಿ ಇಳಿಯುವುದಾಗಲಿ, ಕನ್ನಡಿಯಲ್ಲಿ ಅವನ ಬಿಂಬ ಮೂಡದಿರುವುದಾಗಲಿ ನಮ್ಮನ್ನು ಅಷ್ಟು ಹೆದರಿಸಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಹಾಸಿಗೆ ಹಾಸುವವನು ಒಬ್ಬನೇ, ಅವನೇ ಯಜಮಾನ. ಹಾಗಾದರೆ ಈ ಅತಿಥಿಯ ಕೂಗನ್ನು ಕೇಳುವವರು ಯಾರು? ಸ್ಟೋಕರನು ಇದನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದ್ದಾನೆ! ನಾಲ್ಕೇ ವಾರಗಳಲ್ಲಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಅಷ್ಟನ್ನೂ ನಾವು ಕನ್ನಡಿಸಿದೆವು.

ನಾಲ್ಕನೆಯ ಅಧ್ಯಾಯದ ಕೊನೆಗೆ ಹಾರ್ಕರನು ದುರ್ಗದ ಗೋಡೆಯನ್ನಿಳಿದು ಪಾರಾಗಲು ನಿಶ್ಚಯಿಸುತ್ತಾನೆ. ಇಳಿದನೇ? ಬಿದ್ದನೇ? ನಾವು ಕಾತರದಿಂದ ಪುಟ ತಿರುವಿದರೆ, ಇಂಗ್ಲೆಂಡಿನ ಇಬ್ಬರು ತರುಣಿಯರು ಮದುವೆಯ ವಿಷಯವಾಗಿ ಬರೆದುಕೊಂಡ ಓಲೆಗಳು! ಕೆಲವು ಅಧ್ಯಾಯಗಳ ತರುವಾಯ ಹಾರ್ಕರನು ಬುಡಾಪೆಸ್ಟಿನ ಆಸ್ಪತ್ರೆಯಲ್ಲಿರುವನೆಂಬ ಸುದ್ದಿ ಕಾಗದದಲ್ಲಿ ಬರುತ್ತದೆ. ಅವನು ಹೇಗೆ ಇಳಿದನೆಂಬುದನ್ನು ಗ್ರಂಥಕರ್ತನು ಬರೆಯಲೇ ಇಲ್ಲ. ಭಟ್ಟರೂ ಕತೆಯನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದುದುಂಟು. ಆದರೆ ಅವರು ನಿಲ್ಲಿಸಿದ ಮೇಲೆ ಮಾತಾಡುತ್ತಿರಲಿಲ್ಲ. ಇವನು ನಿಲ್ಲಿಸಿ ಬೇರೆ ಮಾತಿಗೆ ತೊಡಗುತ್ತಾನೆ.

ಅನಂತರ ಲೂಸಿಯೆಂಬವಳ ರಕ್ತ ಬತ್ತುತ್ತದೆ; ಪ್ರೇಮಿಯು ರಕ್ತ ಕೊಡುತ್ತಾನೆ; ಮತ್ತೆ ಬತ್ತುತ್ತದೆ, ವೈದ್ಯನು ಕೊಡುತ್ತಾನೆ; ಮತ್ತೆ ಬತ್ತುತ್ತದೆ. ಹೀಗೆ ಎರಡು ವಾರದೊಳಗೆ ನಾಲ್ವರು ಗಂಡಸರ ರಕ್ತ ಆ ಹುಡುಗಿಯ ಮೈಗೆ. ರಕ್ತದಲ್ಲಿ ಗುಂಪುಗಳಿವೆಯೆಂದು ಲ್ಯಾಂಡ್‌ಸ್ಟೈನರನು ತೋರಿಸಿಕೊಟ್ಟುದು 1901ರಲ್ಲಿ. ಆ ಅಜ್ಞಾನಕ್ಕಾಗಿ ಸ್ಟೋಕರನನ್ನು ದೂಷಿಸಲಾಗದು. ಆದರೆ ಒಂದೇ ಸಾರನ್ನು ನಾಲ್ಕು ಸಲ ಬಿಸಿಮಾಡಿ ಬಡಿಸಿದುದು ಅಜ್ಞಾನದಿಂದಲ್ಲ. ಇಷ್ಟಾದರೂ ಕೌಂಟನು ಎಲ್ಲಿ? ಕಿಟಕಿಯಾಚೆ ಬಾವಲಿಯ ರೆಕ್ಕೆಯ ಸದ್ದು, ಅಷ್ಟೇ. ಆ ವಿನಯಶೀಲ ಯಜಮಾನನು ನಾಲ್ಕನೆಯ ಅಧ್ಯಾಯದಲ್ಲೇ ನಮ್ಮನ್ನು ಬೀಳ್ಕೊಟ್ಟಿದ್ದಾನೆ.

ಅವನ ಬದಲಿಗೆ ಬಂದವನು ವ್ಯಾನ್ ಹೆಲ್ಸಿಂಗನೆಂಬ ಡಚ್ ಪಂಡಿತ. ಇವನ ಹರುಕು ಇಂಗ್ಲಿಷಿನ ಉದ್ದುದ್ದ ಭಾಷಣಗಳನ್ನು ಕನ್ನಡಕ್ಕೆ ತರಲು ನಾವು ಮೂರು ರಾತ್ರಿ ಹೆಣಗಿ ಸೋತೆವು. ಹದಿನೆಂಟನೆಯ ಅಧ್ಯಾಯದಲ್ಲಿ ಇವನು ಎಲ್ಲರನ್ನೂ ಮೇಜಿನ ಸುತ್ತ ಕುಳ್ಳಿರಿಸಿ, ತಾನು ಅಧ್ಯಕ್ಷಪೀಠದಲ್ಲಿ ಕುಳಿತು, ಮೀನಾಳನ್ನು ಕಾರ್ಯದರ್ಶಿಯನ್ನಾಗಿ ನೇಮಿಸಿ, ಪಿಶಾಚಿಯ ಶಕ್ತಿಗಳಾವುವು, ದೌರ್ಬಲ್ಯಗಳಾವುವು ಎಂದು ವಿವರಿಸುತ್ತಾನೆ: ತೋಳನಾಗಬಲ್ಲ, ಮಂಜಾಗಬಲ್ಲ, ಬೆಳ್ಳುಳ್ಳಿಗೆ ಹೆದರುವನು, ಕರೆಯದ ಮನೆಗೆ ಮೊದಲ ಸಲ ಕಾಲಿಡಲಾರನು. ವಾಚಕರೇ, ಈ ಊರಿನ ಸಂಘಸಂಸ್ಥೆಗಳ ಎಷ್ಟೋ ಕಾರ್ಯಕಾರಿ ಸಭೆಗಳಲ್ಲಿ ನಾವು ಕುಳಿತಿದ್ದೇವೆ, ನಡವಳಿಯನ್ನೂ ಬರೆದಿದ್ದೇವೆ. ಠರಾವು ಮಾಡಿ ಹಿಡಿಯಬಹುದಾದ ಪಿಶಾಚಿಗೆ ನಾವು ಹೆದರಲಾರೆವು. ಪುಸ್ತಕವನ್ನು ಅಲ್ಲಿಗೆ ಮುಚ್ಚಿದೆವು. ಕೊನೆಯ ಪುಟಗಳನ್ನು ಕದ್ದು ನೋಡಿದುದನ್ನೂ ಒಪ್ಪಿಕೊಳ್ಳುತ್ತೇವೆ: ಒಂದು ಖುಕರಿ, ಒಂದು ಚೂರಿ, ಕ್ಷಣಾರ್ಧದಲ್ಲಿ ಕೌಂಟನು ಧೂಳು.

ಲೋಕ ಮೆಚ್ಚಿದ ಗ್ರಂಥವನ್ನು ಅಲ್ಲಗಳೆಯಲು ನೀವಾರೆಂದು ಕೇಳುವವರಿದ್ದಾರೆ. ಕೇಳಲಿ. ಲೋಕ ಬಹುಮಟ್ಟಿಗೆ ಮೆಚ್ಚಿದುದು 1931ರ ಬೆಲಾ ಲುಗೋಸಿಯ ಚಿತ್ರವನ್ನೂ ಅದರ ಸಂತತಿಯನ್ನೂ ಎಂಬುದು ನಮ್ಮ ಅನುಮಾನ. ಪುಣೆಯಲ್ಲೇ ಬಾಳಿದ ಮರಾಠಿ ಲೇಖಕ ನಾರಾಯಣ ಧಾರಪರು ಸ್ಟೀಫನ್ ಕಿಂಗನ ರಕ್ತಪಿಶಾಚಿಯ ಕಾದಂಬರಿಯೊಂದನ್ನು ‘ಲುಚಾಯಿ’ ಎಂಬ ಹೆಸರಿನಲ್ಲಿ ಮರಾಠಿ ನೆಲಕ್ಕೆ ಒಗ್ಗಿಸಿದರು. ಪರದೇಶದ ಭಯವನ್ನು ತರುವುದಾದರೆ ಹಾಗೆ ತರಬೇಕು. ಅಂತಹ ಕೈ ನಮ್ಮದಲ್ಲ.

ಬರುವ ಭಾನುವಾರದಿಂದ ಆ ನಾಲ್ಕು ಅಧ್ಯಾಯಗಳನ್ನಷ್ಟೇ ಎಂಟು ಕಂತುಗಳಲ್ಲಿ ಕೊಡುತ್ತೇವೆ. ಹಾರ್ಕರನು ಗೋಡೆ ಇಳಿಯಲು ನಿಶ್ಚಯಿಸುವಲ್ಲಿಗೆ ನಿಲ್ಲಿಸುತ್ತೇವೆ. ಮುಂದೇನಾಯಿತೆಂದು ದಯವಿಟ್ಟು ಕಛೇರಿಗೆ ದೂರವಾಣಿ ಮಾಡಬಾರದು. ಪೂರ್ತಿ ಓದಬಯಸುವವರು ಸಂಜೆ ಐದರ ಮೇಲೆ ಬಂದು ನಮ್ಮ ಪ್ರತಿಯನ್ನೇ ಒಯ್ಯಬಹುದು. ಹದಿನೆಂಟನೆಯ ಅಧ್ಯಾಯದಲ್ಲಿ ಗುರುತಿಗೆಂದು ಹೋಟೆಲಿನ ಹಳೆಯ ಬಿಲ್ಲೊಂದನ್ನು ಇಟ್ಟಿದ್ದೇವೆ, ತೆಗೆದುಹಾಕಲು ಅಡ್ಡಿಯಿಲ್ಲ.